ತಂಗಿಯ ಗಂಡನ ಸಾಲಕ್ಕೆ ಜಾಮೀನು ಹಾಕಬಹುದೇ? ಸತ್ಯವೇದ ಏನು ಹೇಳುತ್ತದೆ?

ಹಾಸನದ ಓದುಗ

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ, ವಚನದ ಆಧಾರದ ಮೇಲೆ.

ನನ್ನ ತಂಗಿಯ ಗಂಡ ಸ್ವಂತಕ್ಕೊಂದು ಗೂಡ್ಸ್ ಗಾಡಿ ತೆಗೆದುಕೊಳ್ಳಬೇಕೆಂದು ಒಂದು ಸಹಕಾರ ಸಂಘದಲ್ಲಿ ಎಂಟು ಲಕ್ಷ ರೂಪಾಯಿ ಸಾಲಕ್ಕೆ ಅರ್ಜಿ ಕೊಟ್ಟಿದ್ದಾರೆ. ಇಷ್ಟು ವರ್ಷ ಬೇರೆಯವರ ಗಾಡಿ ಓಡಿಸಿದವರು. ಕುಡಿತ, ಇಸ್ಪೀಟು ಯಾವುದೂ ಇಲ್ಲ. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ. ಸಂಬಳದ ಕೆಲಸದಲ್ಲಿರುವ ಒಬ್ಬರ ಜಾಮೀನು ಬೇಕೆಂದು ಸಂಘದವರು ಕೇಳಿದ್ದಾರೆ. ನಮ್ಮ ಕುಟುಂಬದಲ್ಲಿ ಸಂಬಳ ಬರುವುದು ನನಗೊಬ್ಬನಿಗೇ. ನನ್ನ ಮನೆ ಸಾಲ ಇನ್ನೂ ತೀರಿಲ್ಲ, ಮಕ್ಕಳಿಬ್ಬರು ಓದುತ್ತಿದ್ದಾರೆ.

ಅಪ್ಪ ಸತ್ಯವೇದದ ಜ್ಞಾನೋಕ್ತಿಗಳು 6ನೇ ಅಧ್ಯಾಯ (ನೆರೆಯವನಿಗೆ ಜಾಮೀನಾಗಿದ್ದರೆ ಹೇಗಾದರೂ ಬಿಡಿಸಿಕೊ ಎನ್ನುವ ಭಾಗ) ತೆರೆದು ಮುಂದಿಟ್ಟು, "ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಬೇಕು?" ಎಂದರು. ಅಮ್ಮ ಮತ್ತಾಯ 5:42 ಹೇಳುತ್ತಾರೆ: ಕೇಳುವವನಿಗೆ ಕೊಡು, ಸಾಲ ಕೇಳಬಂದವನಿಂದ ಮುಖ ತಿರುಗಿಸಬೇಡ ಎಂದು ಯೇಸುವೇ ಹೇಳಿರುವಾಗ ಜ್ಞಾನೋಕ್ತಿಯ ಸೊಲೊಮೋನನನ್ನು ಏಕೆ ಕೇಳಬೇಕು ಅನ್ನುವುದು ಅವರ ವಾದ. ತಂಗಿ ಬಾಯಿಬಿಟ್ಟು ಏನೂ ಕೇಳಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಗಿದೆ.

ಲಾಭ ನಷ್ಟದ ಲೆಕ್ಕ ನಾನು ಹಾಕಬಲ್ಲೆ. ಒಂದೇ ಗ್ರಂಥದ ಈ ಎರಡು ಮಾತುಗಳನ್ನು ಒಟ್ಟಿಗೆ ಹೇಗೆ ಪಾಲಿಸುವುದು ಅನ್ನುವುದು ನನ್ನ ಪ್ರಶ್ನೆ.

ಬಳ್ಳಾರಿ ಅಕ್ಕ

ಬೇಡ ತಮ್ಮಾ. ಜ್ಞಾನೋಕ್ತಿ 11:15 ಓದು, ಬುದ್ಧಿಯಿಲ್ಲದವನೇ ನೆರೆಯವನಿಗೆ ಜಾಮೀನಾಗುತ್ತಾನೆ ಎನ್ನುವ 17:18 ಓದು. ಒಂದು ಕಡೆ ಅಲ್ಲ, ನಾಲ್ಕಾರು ಕಡೆ ದೇವರು ಇದನ್ನೇ ಹೇಳಿಸಿದ್ದಾನೆ ಅಂದರೆ ನಮಗೆ ಬುದ್ಧಿ ಬರಲಿ ಅಂತಲೇ.

ನಮ್ಮ ತಂದೆ ಸ್ನೇಹಿತರೊಬ್ಬರ ಬೋರ್‌ವೆಲ್ ಸಾಲಕ್ಕೆ ರುಜು ಹಾಕಿದ್ದರು. ನೀರು ಬೀಳಲಿಲ್ಲ, ಬೆಳೆ ಬರಲಿಲ್ಲ, ಕೊನೆಗೆ ಹೋಗಿದ್ದು ನಮ್ಮ ಎರಡೆಕರೆ. ಹೊಲ ಹೋದದ್ದಕ್ಕಿಂತ ಸ್ನೇಹ ಹೋದದ್ದು ನಮ್ಮ ತಂದೆಗೆ ಜಾಸ್ತಿ ನೋವಾಯಿತು. ಆ ಮನುಷ್ಯ ಮೋಸಗಾರ ಅಲ್ಲ. ಇವತ್ತಿಗೂ ನಮ್ಮ ಮನೆ ಮುಂದೆ ಹೋಗುವಾಗ ತಲೆ ಎತ್ತುವುದಿಲ್ಲ. ನಾಳೆ ನಿನ್ನ ತಂಗಿ ತವರಿಗೆ ಬರುವಾಗ ಹಾಗೆ ತಲೆ ತಗ್ಗಿಸಿಕೊಂಡು ಬರಬೇಕಾ?

ಕೋಲಾರದ ಯುವಕ

ಅಕ್ಕನ ನೋವು ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಜ್ಞಾನೋಕ್ತಿ ಯೇಸುವಿಗಿಂತ ಹಿಂದಿನ ಹಳೆಯ ಒಡಂಬಡಿಕೆಯದು, ನಾವು ಹೊಸ ಒಡಂಬಡಿಕೆಯ ಜನ. ಲೂಕ 6:34-35ರಲ್ಲಿ ಕರ್ತನು ಎಷ್ಟು ನೇರವಾಗಿ ಹೇಳಿದ್ದಾನೆ ನೋಡಿ: ತಿರುಗಿ ಬರುತ್ತದೆ ಎಂಬ ನಂಬಿಕೆಯಿಂದ ಸಾಲ ಕೊಡುವುದನ್ನು ಪಾಪಿಗಳೂ ಮಾಡುತ್ತಾರೆ, ನೀವಾದರೋ ಏನೂ ನಿರೀಕ್ಷಿಸದೆ ಕೊಡಿರಿ. ಹೊರಗಿನವರಿಗೇ, ವೈರಿಗಳಿಗೇ ಹೀಗೆ ಮಾಡಿ ಎಂದಿರುವಾಗ ಸ್ವಂತ ತಂಗಿಯ ಸಂಸಾರಕ್ಕೆ ಒಂದು ಸಹಿ ಹಾಕಲು ಹೆದರುವುದು ವಿಶ್ವಾಸವೇ? ಜ್ಞಾನೋಕ್ತಿ ಒಳ್ಳೆಯ ಲೋಕಜ್ಞಾನ. ಕ್ರಿಸ್ತನ ಶಿಲುಬೆ ಅದನ್ನು ಮೀರಿದ್ದು. ಸಹಿ ಹಾಕಿ ಅಣ್ಣ, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ.

ಗದಗ ಮೇಷ್ಟ್ರು

ಇಬ್ಬರ ಮಾತೂ ಅರ್ಧಕ್ಕೆ ನಿಂತಾವ ಅನ್ನಿಸ್ತದ. ಸಂಡೇ ಸ್ಕೂಲಿನೊಳಗ ಪಾಠ ಹೇಳಿಕೋತ ಬಂದವ ನಾನು, ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಎಲ್ಲಾರಿಗೂ ತಿಳೀಲಿ ಅಂತ ಪುಸ್ತಕದ ಭಾಷೆಯಲ್ಲೇ ಬರೆಯುತ್ತೇನೆ.

ಮೊದಲು ಜ್ಞಾನೋಕ್ತಿ. ಅಲ್ಲಿ ಹೊಣೆಯ, ಅಂದರೆ ಜಾಮೀನಿನ ಬಗ್ಗೆ ಬರುವ ಮಾತುಗಳನ್ನು ಒಟ್ಟಿಗೆ ಓದಿದರೆ ಕೆಲವು ಕಡೆ (11:15, 20:16, 27:13) ಪರಕೀಯನಿಗಾಗಿ ಹೊಣೆಯಾಗುವವನ ವಿಷಯ ಬರುತ್ತದೆ. 6ನೇ ಅಧ್ಯಾಯದಲ್ಲಿ ನೆರೆಯವನೂ ಬರುತ್ತಾನೆ. ಹಾಗಾಗಿ "ಗುರುತಿಲ್ಲದವರಿಗೆ ಮಾತ್ರ ಬೇಡ, ನಮ್ಮವರಿಗಾದರೆ ಸರಿ" ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ 22:26-27 ಕಾರಣವನ್ನೂ ಕೊಡುತ್ತದೆ: ತೀರಿಸಲು ನಿನ್ನ ಬಳಿ ಏನೂ ಇಲ್ಲದಿದ್ದರೆ, ನೀನು ಮಲಗುವ ಹಾಸಿಗೆಯನ್ನೇ ಸಾಲಕೊಟ್ಟವನು ಎಳೆದುಕೊಂಡು ಹೋಗಬೇಕೇ? ಅಲ್ಲಿ ಖಂಡಿಸಿರುವುದು ಪ್ರೀತಿಯನ್ನಲ್ಲ. ತನ್ನ ಕೈಯಲ್ಲಿ ಇಲ್ಲದ್ದನ್ನು ಮಾತಿನಿಂದ ಕೊಟ್ಟುಬಿಡುವುದನ್ನು ಖಂಡಿಸಿದೆ. ಜಾಮೀನಿನ ಅಪಾಯ ಇರುವುದೇ ಅಲ್ಲಿ. ಸಹಿ ಹಾಕುವ ದಿನ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ, ಆದ್ದರಿಂದ ಏನೂ ಕೊಟ್ಟಂತೆಯೇ ಅನ್ನಿಸುವುದಿಲ್ಲ.

ಈಗ ಆದಿಕಾಂಡಕ್ಕೆ ಬನ್ನಿ. ಬರಗಾಲ. ಯಾಕೋಬನ ಕಿರಿಯ ಮಗ ಬೆನ್ಯಾಮೀನನನ್ನು ಐಗುಪ್ತಕ್ಕೆ ಕರೆದುಕೊಂಡು ಹೋಗದಿದ್ದರೆ ಧಾನ್ಯವಿಲ್ಲ. ಯಾಕೋಬನು ಮಗನನ್ನು ಕಳಿಸಲೊಲ್ಲ. ಆಗ ಅವನ ಬೇರೆ ಇಬ್ಬರು ಮಕ್ಕಳು ಹೊಣೆಗೆ ಮುಂದೆ ಬರುತ್ತಾರೆ. 42:37ರಲ್ಲಿ ರೂಬೇನನು, "ನಾನು ಅವನನ್ನು ವಾಪಸು ತರದಿದ್ದರೆ ನನ್ನ ಇಬ್ಬರು ಗಂಡುಮಕ್ಕಳನ್ನು ಕೊಂದುಬಿಡು" ಎನ್ನುತ್ತಾನೆ. ಯಾಕೋಬ ಒಪ್ಪುವುದಿಲ್ಲ. 43:9ರಲ್ಲಿ ಯೆಹೂದನು, "ಅವನಿಗೆ ನಾನು ಹೊಣೆ, ನನ್ನನ್ನೇ ಕೇಳು, ತಪ್ಪಿದರೆ ಆ ದೋಷ ಸದಾ ನನ್ನ ಮೇಲೆ ಇರಲಿ" ಎನ್ನುತ್ತಾನೆ. ಯಾಕೋಬ ಒಪ್ಪುತ್ತಾನೆ. ನಡುವೆ ಹಸಿವು ಹೆಚ್ಚಾಗಿತ್ತು ನಿಜ. ಆದರೂ ಎರಡು ಮಾತಿನ ನಡುವಿನ ಅಂತರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರೂಬೇನನು ಒತ್ತೆಯಿಟ್ಟದ್ದು ಮಕ್ಕಳನ್ನು, ಅವರನ್ನು ಕೇಳದೆ. ಯೆಹೂದನು ಒತ್ತೆಯಿಟ್ಟದ್ದು ತನ್ನನ್ನು. ಮುಂದೆ ಬೆನ್ಯಾಮೀನನ ಚೀಲದಲ್ಲಿ ಐಗುಪ್ತದ ಅಧಿಕಾರಿಯ ಬೆಳ್ಳಿಯ ಪಾತ್ರೆ ಸಿಕ್ಕಾಗ, 44ನೇ ಅಧ್ಯಾಯದಲ್ಲಿ, ಅವನು ಮಾತು ತಪ್ಪದೆ ಮುಂದೆ ಬಂದು "ಇವನ ಬದಲು ನನ್ನನ್ನು ದಾಸನನ್ನಾಗಿ ಇಟ್ಟುಕೊಳ್ಳಿ" ಎನ್ನುತ್ತಾನೆ. ಹಿಂದೆ ತಮ್ಮನಾದ ಯೋಸೇಫನನ್ನು ಮಾರಿಬಿಡೋಣ ಎಂದು ಹೇಳಿದವನೂ ಇದೇ ಯೆಹೂದ. ಪಾಠ ಹೇಳುವಾಗ ಈ ಜಾಗಕ್ಕೆ ಬಂದರೆ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಆದ್ದರಿಂದ ಹಾಸನದ ತಮ್ಮಾ, ನೀವು ಒತ್ತೆಯಿಡುತ್ತಿರುವುದು ಯಾರದನ್ನು? ನಿಮ್ಮದನ್ನೋ, ಹೆಂಡತಿ ಮಕ್ಕಳದನ್ನೋ? ಅಪ್ಪ ಏನಂದರು, ಅಮ್ಮ ಏನಂದರು ಎಂದು ಬರೆದಿದ್ದೀರಿ. ನಿಮ್ಮ ಮನೆಯವರು ಏನಂದರು ಎಂದು ಬರೆದಿಲ್ಲ.

ಮಂಗಳೂರಿನ ಕಥೋಲಿಕ

ಮೇಷ್ಟ್ರೇ, ಯೆಹೂದನ ಪ್ರಸಂಗವನ್ನು ನಾನು ಈ ದೃಷ್ಟಿಯಿಂದ ನೋಡಿರಲಿಲ್ಲ. ವಂದನೆಗಳು.

ನಮ್ಮ ಕಥೋಲಿಕ ಬೈಬಲ್‌ನಲ್ಲಿ ಇರುವ, ನಿಮ್ಮಲ್ಲಿ ಬಹುಶಃ ಇಲ್ಲದ ಒಂದು ಗ್ರಂಥ ಈ ಪ್ರಶ್ನೆಗೆ ಅತ್ಯಂತ ನೇರವಾಗಿ ಉತ್ತರ ಕೊಡುತ್ತದೆ. ಸಿರಾಖ, 29ನೇ ಅಧ್ಯಾಯ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಆರಂಭದಲ್ಲಿ ಜೆರುಸಲೇಮಿನಲ್ಲಿದ್ದ ಜ್ಞಾನಿಯೊಬ್ಬರು ಹೀಬ್ರೂ ಭಾಷೆಯಲ್ಲಿ ಬರೆದದ್ದು, ಅವರ ಮೊಮ್ಮಗ ಈಜಿಪ್ಟಿನಲ್ಲಿ ಗ್ರೀಕಿಗೆ ತಂದದ್ದು. ಆ ಅಧ್ಯಾಯದ ಭಾವಾರ್ಥ ಹೇಳುತ್ತೇನೆ. ಒಳ್ಳೆಯ ಮನುಷ್ಯ ನೆರೆಯವನಿಗೆ ಜಾಮೀನು ನಿಲ್ಲುತ್ತಾನೆ. ಜಾಮೀನು ನಿಂತವನ ಉಪಕಾರವನ್ನು ಮರೆಯಬೇಡ, ಅವನು ನಿನಗಾಗಿ ತನ್ನನ್ನೇ ಕೊಟ್ಟಿದ್ದಾನೆ. ಆದರೆ ಜಾಮೀನು ಚೆನ್ನಾಗಿ ಬಾಳಿದ ಎಷ್ಟೋ ಜನರನ್ನು ಹಾಳು ಮಾಡಿದೆ, ಊರು ಬಿಡಿಸಿದೆ. ಕೊನೆಗೆ: ನಿನ್ನ ಶಕ್ತಿಯಿದ್ದಷ್ಟು ನೆರೆಯವನಿಗೆ ನೆರವಾಗು, ನೀನೇ ಬೀಳದಂತೆ ಎಚ್ಚರವಾಗಿರು. 8ನೇ ಅಧ್ಯಾಯದಲ್ಲಿ ಇನ್ನೂ ಒಂದು ಮಾತಿದೆ: ಶಕ್ತಿಮೀರಿ ಜಾಮೀನು ನಿಲ್ಲಬೇಡ, ನಿಂತರೆ ಅದನ್ನು ನೀನೇ ಕಟ್ಟಬೇಕಾದೀತು ಎಂದುಕೊಂಡು ನಿಲ್ಲು.

ಈ ಗ್ರಂಥ ದೈವಪ್ರೇರಿತವೆಂದು ನಾವು ನಂಬುತ್ತೇವೆ. ನೀವು ಹಾಗೆ ಒಪ್ಪದಿದ್ದರೂ ಹಿರಿಯರ ಬುದ್ಧಿಮಾತು ಎಂದಾದರೂ ಓದಿ. "ಎಂದಿಗೂ ಬೇಡ" ಮತ್ತು "ಕಣ್ಣುಮುಚ್ಚಿ ಹಾಕು" ಎರಡನ್ನೂ ಅದು ಹೇಳುವುದಿಲ್ಲ.

ಕೋಲಾರದ ಯುವಕ

ಗೌರವದಿಂದಲೇ ಕೇಳುತ್ತೇನೆ. ಇಬ್ರಿಯರಿಗೆ ಬರೆದ ಪತ್ರ 7:22ರಲ್ಲಿ ಯೇಸುವನ್ನೇ ಉತ್ತಮವಾದ ಒಡಂಬಡಿಕೆಗೆ ಹೊಣೆಗಾರನೆಂದು ಕರೆದಿದೆ. ನಮ್ಮ ಸಾಲಕ್ಕೆ ಆತನು ಲೆಕ್ಕ ಹಾಕಿ ನಿಂತನೇ? "ಶಕ್ತಿಯಿದ್ದಷ್ಟು" ಎಂದನೇ? ಮತ್ತಾಯ 18ರಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ (ಉಪಮಾನ ಕಥೆಯಲ್ಲಿ) ಅರಸನು ಬಿಟ್ಟುಕೊಟ್ಟ ಆಳಿನ ಸಾಲ ಹತ್ತು ಸಾವಿರ ತಲಾಂತು. ಒಂದು ತಲಾಂತು ಅಂದರೆ ಸುಮಾರು 6,000 ದಿನಗಳ ಕೂಲಿ. ತೀರಿಸಲಾಗದ ಸಾಲ. ಅದನ್ನು ಬಿಟ್ಟುಕೊಟ್ಟ ದೇವರ ಮಕ್ಕಳು ನಾವು ಎಂಟು ಲಕ್ಷಕ್ಕೆ ಇಷ್ಟು ಲೆಕ್ಕ ಹಾಕುತ್ತಿದ್ದೇವೆ.

ಗದಗ ಮೇಷ್ಟ್ರು

ತಮ್ಮಾ, ನಿಮ್ಮ ಹೃದಯ ದೊಡ್ಡದು, ಅದನ್ನು ಸಣ್ಣ ಮಾಡಿಕೊಳ್ಳಬೇಡಿ. ಆದರೆ ನೀವೇ ಕೊಟ್ಟ ವಚನವನ್ನು ನೋಡಿ. ಕ್ರಿಸ್ತನು ಹೊಣೆಯಾದದ್ದು ತನ್ನ ಸ್ವಂತ ರಕ್ತದಿಂದ. ಬೇರೆ ಯಾರ ಪಾಲನ್ನೂ ಒತ್ತೆಯಿಡಲಿಲ್ಲ. ಸಾಮ್ಯದ ಅರಸನೂ ಬಿಟ್ಟುಕೊಟ್ಟದ್ದು ತನಗೆ ಬರಬೇಕಾದ ಹಣವನ್ನು. ಲೂಕ 6ರಲ್ಲಿ ಹೇಳಿರುವುದೂ ಕೈಯಲ್ಲಿರುವುದನ್ನು ಕೊಡುವ ವಿಷಯ. ಬಾರದಿದ್ದರೂ ಪರವಾಗಿಲ್ಲ ಎಂದುಕೊಂಡು ಕೊಡುವುದು. ಜಾಮೀನಿನಲ್ಲಿ ನೀವು ಕೊಡುವುದು ಇಂದಿನ ಹಣವನ್ನಲ್ಲ, ಮುಂದಿನ ಐದಾರು ವರ್ಷದ ಸಂಬಳವನ್ನು. ಅದರಲ್ಲಿ ಹೆಂಡತಿ ಮಕ್ಕಳ ಅನ್ನವೂ ಸೇರಿದೆ. 1 ತಿಮೊಥೆ 5:8ನ್ನು ಬರೆದವನೂ ಹೊಸ ಒಡಂಬಡಿಕೆಯವನೇ: ತನ್ನ ಮನೆಯವರನ್ನು ನೋಡಿಕೊಳ್ಳದವನು ವಿಶ್ವಾಸವನ್ನೇ ನಿರಾಕರಿಸಿದವನು.

ಹೊಸ ಒಡಂಬಡಿಕೆಯಲ್ಲಿ ಜಾಮೀನು ನಿಂತವರೂ ಇದ್ದಾರೆ. ಅಪೊಸ್ತಲರ ಕೃತ್ಯಗಳು 17ರಲ್ಲಿ ಥೆಸಲೋನಿಕದ ಯಾಸೋನ. ಸುವಾರ್ತೆ ಸಾರಲು ಬಂದ ಪೌಲ ಸೀಲರನ್ನು ಮನೆಯಲ್ಲಿಟ್ಟುಕೊಂಡಿದ್ದಕ್ಕೆ ಅಧಿಕಾರಿಗಳು ಅವನಿಂದಲೂ ಉಳಿದ ಸಹೋದರರಿಂದಲೂ ಜಾಮೀನು ತೆಗೆದುಕೊಂಡರು. ಅವನ ಬಗ್ಗೆ ಪ್ರಸಂಗ ಮಾಡುವವರು ಕಡಿಮೆ, ಮಾಡಬೇಕು.

ಇನ್ನೊಬ್ಬನು ಪೌಲನೇ. ಫಿಲೆಮೋನನಿಗೆ ಬರೆದ ಪತ್ರ ಬರೀ 25 ವಚನ. ಒನೇಸಿಮನೆಂಬ ದಾಸನು ಯಜಮಾನನಾದ ಫಿಲೆಮೋನನನ್ನು ಬಿಟ್ಟು ಬಂದಿದ್ದಾನೆ, ಪೌಲನ ಬಳಿ ಕ್ರಿಸ್ತನನ್ನು ನಂಬಿದ್ದಾನೆ. ಅವನನ್ನು ವಾಪಸು ಕಳಿಸುತ್ತಾ ಪೌಲನು, ಅವನಿಂದ ನಿನಗೇನಾದರೂ ನಷ್ಟವಾಗಿದ್ದರೆ, ಅವನು ನಿನಗೆ ಸಾಲವಿದ್ದರೆ, ನನ್ನ ಲೆಕ್ಕಕ್ಕೆ ಬರೆದುಕೋ ಎನ್ನುತ್ತಾನೆ. ಅಷ್ಟಕ್ಕೇ ನಿಲ್ಲಿಸದೆ, ಪೌಲನಾದ ನಾನು ಸ್ವಂತ ಕೈಯಿಂದ ಬರೆಯುತ್ತಿದ್ದೇನೆ, ನಾನೇ ತೀರಿಸುತ್ತೇನೆ ಎಂದು ಸೇರಿಸುತ್ತಾನೆ. ಸೆರೆಯಲ್ಲಿದ್ದವನ ಕೈಬರಹ ಅದು! ಗಮನಿಸಿ: ಅದು ಆಗಲೇ ಆಗಿಹೋದ ಸಾಲ, ಮುಂದೆ ಬೆಳೆಯುವ ಸಾಲವಲ್ಲ. "ಅವನು ಕೊಡದಿದ್ದರೆ ನಾನು ಕೊಡುತ್ತೇನೆ" ಎಂದೂ ಅವನು ಬರೆಯಲಿಲ್ಲ, ನಾನೇ ಕೊಡುತ್ತೇನೆ ಎಂದ. ಜಾಮೀನಿನ ಕಾಗದಕ್ಕೆ ಕೈಹಾಕುವ ಮುಂಚೆ ನಾವು ಮನಸ್ಸಿನಲ್ಲಿ ಹೇಳಿಕೊಳ್ಳಬೇಕಾದ ಮಾತು ಇದೇ ಎಂದು ನನ್ನ ನಂಬಿಕೆ.

ನಿವೃತ್ತ ಸೆಕ್ರೆಟರಿ, ತುಮಕೂರು

ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು ನಾನು. ವಚನದ ವಿಷಯ ಮೇಷ್ಟ್ರು ಹೇಳಿದ್ದಾರೆ, ಕಾಗದದ ವಿಷಯ ನಾನು ಹೇಳುತ್ತೇನೆ. ಆಶ್ಚರ್ಯವೆಂದರೆ ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ಜಾಮೀನುದಾರನನ್ನು ಕೊನೆಗೆ ಹಿಡಿಯುತ್ತಾರೆ, ಮೊದಲು ಸಾಲಗಾರನ ಆಸ್ತಿ ಮಾರುತ್ತಾರೆ ಎಂದು ನಮ್ಮ ಜನ ತಿಳಿದಿದ್ದಾರೆ. ತಪ್ಪು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಸಾಲಗಾರನನ್ನು ಬಿಟ್ಟು ನೇರವಾಗಿ ಜಾಮೀನುದಾರನಿಂದಲೇ ವಸೂಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ಅಂದರೆ ಪೌಲನ "ನಾನೇ ತೀರಿಸುತ್ತೇನೆ" ಎಂಬ ಮಾತು ನಮ್ಮ ಕಾನೂನಿಗೂ ಸರಿಹೊಂದುತ್ತದೆ.

ಆದರೆ ಅದೇ ಕಲಂನಲ್ಲಿ "ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ" ಎಂಬ ಮಾತೂ ಇದೆ. ಇದನ್ನು ಯಾರೂ ಬಳಸುವುದಿಲ್ಲ! ಇಷ್ಟು ಮೊತ್ತದವರೆಗೆ ಮಾತ್ರ ನನ್ನ ಜಾಮೀನು ಎಂದು ಬರೆಸಬಹುದು. ಸಂಘ ಒಪ್ಪಬೇಕಷ್ಟೆ. ಇನ್ನೊಬ್ಬ ಜಾಮೀನುದಾರ ಸಿಕ್ಕರೆ, ಬೇರೆ ಮಾತಾಗಿರದಿದ್ದರೆ, 146ನೇ ಕಲಂ ಪ್ರಕಾರ ಇಬ್ಬರ ನಡುವೆ ಹೊರೆ ಸಮನಾಗಿ ಹಂಚಿಕೆಯಾಗುತ್ತದೆ. ನೀವು ಕಟ್ಟಬೇಕಾಗಿ ಬಂದರೆ ಸಂಘಕ್ಕಿದ್ದ ಹಕ್ಕುಗಳೆಲ್ಲ 140ನೇ ಕಲಂನಂತೆ ನಿಮಗೆ ಬರುತ್ತವೆ. ಗಾಡಿಯ ಮೇಲಿನ ಹಕ್ಕೂ ಅದರಲ್ಲಿ ಸೇರುತ್ತದೆ.

ಖಾಲಿ ಫಾರಂಗೆ ಮಾತ್ರ ಸಹಿ ಹಾಕಬೇಡಿ. ಮೊತ್ತ, ಬಡ್ಡಿ, ಕಂತು, ಅವಧಿ ಎಲ್ಲ ತುಂಬಿದ ಮೇಲೆ ಓದಿ, ಒಂದು ಪ್ರತಿ ಕೇಳಿ ಪಡೆಯಿರಿ. ನಮ್ಮ ಹಳ್ಳಿಗಳಲ್ಲಿ "ಎಲ್ಲಿ ಸಹಿ ಹಾಕಬೇಕು ತೋರಿಸಿ ಸಾಮಿ" ಎನ್ನುವವರೇ ಹೆಚ್ಚು. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಬಳ್ಳಾರಿ ಅಕ್ಕ

ಈ ಮಾಹಿತಿ ಆಗ ನಮ್ಮ ತಂದೆಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಧನ್ಯವಾದ ಸಾರ್. ಆದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಪೌಲನಿಗೆ ಹೆಂಡತಿ ಮಕ್ಕಳಿರಲಿಲ್ಲ, ಆತ ಬರೆದುಕೊಡಬಹುದಿತ್ತು. ಸಂಸಾರಸ್ಥರ ಮಾತೇ ಬೇರೆ.

ಮಂಗಳೂರಿನ ಕಥೋಲಿಕ

ಅಕ್ಕ ಹೇಳಿದ್ದರಲ್ಲಿ ಸತ್ಯವಿದೆ. ಅದಕ್ಕೇ ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯವನ್ನೂ ಸೇರಿಸಿಕೊಳ್ಳಬೇಕು. ಜೆರುಸಲೇಮಿನ ಬಡ ಸಭೆಗೆ ಹಣ ಕೂಡಿಸುವ ಸಂದರ್ಭ. ಮನಸ್ಸಿದ್ದರೆ ಸಾಕು, ಒಬ್ಬನ ಬಳಿ ಏನಿದೆಯೋ ಅದರಂತೆ ಕೊಟ್ಟದ್ದು ಮೆಚ್ಚುಗೆಯಾಗುತ್ತದೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಮುಂದಿನ ವಾಕ್ಯದಲ್ಲೇ, ಬೇರೆಯವರಿಗೆ ನೆಮ್ಮದಿ, ನಿಮಗೆ ಕಷ್ಟ ಆಗಲಿ ಎಂಬುದು ನನ್ನ ಉದ್ದೇಶವಲ್ಲ, ಸಮಾನತೆ ಇರಲಿ ಎಂಬುದೇ ಎಂದು ಬಿಡಿಸಿ ಹೇಳುತ್ತಾರೆ. ದಾನದ ಬಗ್ಗೆ ಬರುವ ಪ್ರಸಂಗಗಳಲ್ಲಿ ಈ ವಾಕ್ಯಕ್ಕೆ ಸಿಗಬೇಕಾದ ಜಾಗ ಸಿಕ್ಕಿಲ್ಲ ಎಂಬ ಕೊರಗು ನನಗಿದೆ.

ಹಾಸನದ ಓದುಗ

ಮೇಷ್ಟ್ರ ಪ್ರಶ್ನೆ ಓದಿದ ದಿನವೇ ನನ್ನ ಹೆಂಡತಿಯ ಜೊತೆ ಕೂತು ಮಾತಾಡಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಅವರು ಗಾಡಿ ತಗೊಳ್ಳಲಿ, ನನಗೂ ಸಂತೋಷವೇ. ಆದರೆ ಎಂಟು ಲಕ್ಷಕ್ಕೆ ಸಹಿ ಹಾಕಿದರೆ ಪ್ರತಿ ತಿಂಗಳು ಅವರ ಮನೆ ಕಡೆ ನೋಡಿಕೊಂಡು ಕೂರಬೇಕಾಗುತ್ತೆ, ಬಾಡಿಗೆ ಸಿಕ್ಕಿತಾ, ಕಂತು ಕಟ್ಟಿದರಾ ಅಂತ. ಅವರು ಮಗಳಿಗೆ ಒಂದು ಹೊಸ ಬಟ್ಟೆ ಕೊಡಿಸಿದರೂ ನನಗೆ ಕಣ್ಣು ಬೀಳುತ್ತೆ. ಆ ಪಾಪ ನನಗೆ ಬೇಡ."

ನಮ್ಮ ಹತ್ತಿರ ಉಳಿತಾಯದಲ್ಲಿ ಒಂದೂವರೆ ಲಕ್ಷ ಇದೆ. ಅದನ್ನು ಭಾವನಿಗೆ ಗಾಡಿಯ ಮುಂಗಡಕ್ಕೆ ಕೊಟ್ಟುಬಿಡೋಣ, ವಾಪಸು ಬಂದರೆ ಬರಲಿ, ಬರದಿದ್ದರೆ ತಂಗಿಗೆ ಕೊಟ್ಟಂತೆ ಆಗಲಿ ಅನ್ನುವುದು ಅವಳ ಸಲಹೆ. ಆಗ ಸಾಲ ಆರೂವರೆ ಲಕ್ಷಕ್ಕೆ ಇಳಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಇನ್ನೂ ಇಳಿಯುತ್ತದೆ. ಜಾಮೀನನ್ನು ಎರಡು ಲಕ್ಷಕ್ಕೆ ಮಿತಿ ಮಾಡಿ ಬರೆಸಬಹುದೇ ಎಂದು ಸಂಘದಲ್ಲಿ ಕೇಳುತ್ತೇನೆ. ಅಷ್ಟಾದರೆ ನಾನೇ ಕಟ್ಟಬೇಕಾಗಿ ಬಂದರೂ ಮನೆ ನಡೆಯುತ್ತದೆ.

ಒಂದು ಸಂದೇಹ ಉಳಿದಿದೆ. ವಾಪಸು ಕೇಳುವುದಿಲ್ಲ ಎಂದು ಭಾವನಿಗೆ ಮೊದಲೇ ಹೇಳಬೇಕೇ? ಅವರು ಸ್ವಾಭಿಮಾನಿ.

ಗದಗ ಮೇಷ್ಟ್ರು

ನಿಮ್ಮ ಮನೆಯವರ ಮಾತು ನಾನು ಬರೆದ ಎಲ್ಲದಕ್ಕಿಂತ ಚೆನ್ನಾಗಿದೆ. ಅವರಿಗೆ ನನ್ನ ವಂದನೆ ತಿಳಿಸಿ. ದಶಾಜ್ಞೆಗಳ ಕೊನೆಯ ಆಜ್ಞೆ, ನೆರೆಯವನದನ್ನು ಆಶಿಸಬಾರದು ಎಂಬುದು, ಸಾಲ ಕೊಟ್ಟವರ ಮನೆಯೊಳಗೆ ಹೇಗೆ ಮುರಿಯುತ್ತದೆ ಎಂಬುದನ್ನು ಅವರು ಕಂಡಿದ್ದಾರೆ.

ಭಾವನಿಗೆ ಸಾಲ ಎಂದೇ ಕೊಡಿ, ಬಡ್ಡಿಯಿಲ್ಲದೆ. ವಿಮೋಚನಕಾಂಡ 22, ಯಾಜಕಕಾಂಡ 25 ಎರಡೂ ಬಡವನಾದ ಸಹೋದರನಿಂದ ಬಡ್ಡಿ ತೆಗೆದುಕೊಳ್ಳಬೇಡ ಎಂದೇ ಹೇಳುತ್ತವೆ. ಸಾಲವೆಂದರೆ ಅವರ ಮರ್ಯಾದೆ ಉಳಿಯುತ್ತದೆ. ಬರದಿದ್ದರೂ ನಡೆಯುತ್ತದೆ ಎಂಬುದು ನಿಮ್ಮಿಬ್ಬರ ಮನಸ್ಸಿನಲ್ಲಿರಲಿ, ಬಾಯಲ್ಲಿ ಬೇಡ. ಧರ್ಮೋಪದೇಶಕಾಂಡ 24ರಲ್ಲಿ ಒಂದು ಸಣ್ಣ ಆಜ್ಞೆಯಿದೆ: ಒತ್ತೆ ಪಡೆಯಲು ಸಾಲಗಾರನ ಮನೆಯೊಳಗೆ ನುಗ್ಗಬೇಡ, ಹೊರಗೆ ನಿಲ್ಲು, ಅವನೇ ಹೊರಗೆ ತಂದುಕೊಡಲಿ. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬೇಡ, ಅದು ಅವನ ಜೀವವನ್ನೇ ತೆಗೆದುಕೊಂಡಂತೆ. ಕೊಟ್ಟವನು ಪಡೆದವನ ಹೊಸಿಲು ದಾಟಬಾರದು ಎಂದು ದೇವರು ಕಾನೂನು ಮಾಡಿದನಲ್ಲ, ಇದನ್ನು ಓದುವಾಗ ನನಗೆ ಆತನ ಮೇಲೆ ಪ್ರೀತಿ ಉಕ್ಕುತ್ತದೆ.

ಚಾಮರಾಜನಗರ ಸಿಸ್ಟರ್

ಸ್ತೋತ್ರ. ನಾನು ತುಂಬಾ ಹೊತ್ತಿನಿಂದ ಓದುತ್ತಿದ್ದೇನೆ. ನೀವೆಲ್ಲ ಸಂಬಳ ಇರುವವರ ಜಾಮೀನಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಬೀದಿಯಲ್ಲಿ ಸಂಬಳ ಯಾರಿಗೂ ಇಲ್ಲ. ಗುಂಪು ಸಾಲ. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಂದರೆ ನಾವು ಪ್ರತಿಯೊಬ್ಬ ಹೆಂಗಸೂ ಉಳಿದ ಎಲ್ಲರಿಗೂ ಜಾಮೀನು. ಕಂತಿನ ದಿನ ಬಂದರೆ ಎದೆ ಡವಗುಟ್ಟುತ್ತದೆ. ಒಬ್ಬಳ ಮಗುವಿಗೆ ಜ್ವರ ಬಂದು ಕಟ್ಟಲಾಗದಿದ್ದರೆ, ಅವಳ ಬಾಗಿಲಲ್ಲಿ ನಿಂತು ಗದರಿಸುವುದು ಸಂಸ್ಥೆಯವರಿಗಿಂತ ಮೊದಲು ನಾವೇ. ನಾನೇ ಪ್ರಾರ್ಥನೆ ಕೂಟ ನಡೆಸುವವಳು. ಜ್ಞಾನೋಕ್ತಿಯಂತೆ ಬುದ್ಧಿಯಿಲ್ಲದವಳು ಎನಿಸಿಕೊಳ್ಳಲೇ? ಸಾಲ ಇಲ್ಲದಿದ್ದರೆ ಬಿತ್ತನೆ ಬೀಜವೂ ಇಲ್ಲ, ಹಸುವೂ ಇಲ್ಲ.

ಗದಗ ಮೇಷ್ಟ್ರು

ಅಕ್ಕಾ, ಜ್ಞಾನೋಕ್ತಿಯ ಆ ಮಾತು ನಿಮ್ಮಂಥವರನ್ನು ಕುರಿತದ್ದಲ್ಲ ಎಂದು ನನ್ನ ನಂಬಿಕೆ. ನಿಮ್ಮ ಪ್ರಶ್ನೆಗೆ ಸರಿಯಾದ ಅಧ್ಯಾಯ ನೆಹೆಮೀಯ 5. ಜನ ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷೆತೋಟ, ಮನೆಗಳನ್ನು ಒತ್ತೆಯಿಟ್ಟಿದ್ದಾರೆ, ಅರಸನ ಕಂದಾಯ ಕಟ್ಟಲು ಸಾಲ ಮಾಡಿದ್ದಾರೆ, ಹೆಣ್ಣುಮಕ್ಕಳು ಆಗಲೇ ದಾಸಿಯರಾಗಿದ್ದಾರೆ. ಆ ಕೂಗು ಎದ್ದದ್ದು ಗಂಡಸರಿಂದ ಮಾತ್ರವಲ್ಲ, ಅವರ ಹೆಂಡತಿಯರಿಂದಲೂ ಎಂದು ಮೊದಲನೇ ವಚನವೇ ಹೇಳುತ್ತದೆ. ಆ ಸೀಮೆಯ ಅಧಿಪತಿಯಾಗಿದ್ದ ನೆಹೆಮೀಯನು ಸಾಲಗಾರರಿಗೆ ಬುದ್ಧಿ ಹೇಳಲಿಲ್ಲ. ಶ್ರೀಮಂತರನ್ನೂ ಅಧಿಕಾರಿಗಳನ್ನೂ ದೊಡ್ಡ ಸಭೆಯ ಮುಂದೆ ನಿಲ್ಲಿಸಿ ಗದರಿಸಿದನು. ತಾನೂ ತನ್ನವರೂ ಸಾಲ ಕೊಟ್ಟಿದ್ದೇವೆ, ಈ ಬಡ್ಡಿ ಬಿಟ್ಟುಬಿಡೋಣ ಎಂದು ತನ್ನನ್ನೂ ಸೇರಿಸಿಕೊಂಡನು. ಹೊಲ, ತೋಟ, ಮನೆ ಎಲ್ಲ ಅಂದೇ ಹಿಂದಕ್ಕೆ ಕೊಡಬೇಕೆಂದ. ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದ. ಜ್ಞಾನೋಕ್ತಿ ಸಹಿ ಹಾಕುವವನಿಗೆ ಬರೆದದ್ದು, ನೆಹೆಮೀಯ 5 ಸಹಿ ಹಾಕಿಸಿಕೊಳ್ಳುವವನಿಗೆ. ನಾವು ಮೊದಲನೆಯದನ್ನು ಮಾತ್ರ ಬಡವರಿಗೆ ಓದಿ ಹೇಳುತ್ತೇವೆ.

ಪರಸ್ಪರ ಜಾಮೀನು ಎಂಬ ಪದ್ಧತಿಯೇ ಕೆಟ್ಟದ್ದಲ್ಲ. ಜರ್ಮನಿಯಲ್ಲಿ ರೈಫೈಸೆನ್ ಎಂಬ ದೈವಭಕ್ತ ಮೇಯರ್ ಇದ್ದರು. ಬಡ್ಡಿ ವ್ಯಾಪಾರಿಗಳ ಕೈಯಿಂದ ರೈತರನ್ನು ಬಿಡಿಸಲು 1860ರ ದಶಕದಲ್ಲಿ ಹಳ್ಳಿಯವರೇ ಒಬ್ಬರಿಗೊಬ್ಬರು ಹೊಣೆಯಾಗುವ ಸಾಲ ಸಂಘಗಳನ್ನು ಕಟ್ಟಿದರು, ನೆರೆಯವನನ್ನು ಪ್ರೀತಿಸು ಎಂಬ ಆಜ್ಞೆಯೇ ಅದರ ಅಡಿಪಾಯ ಎಂದು ನಂಬಿದ್ದರು. ಆ ಮಾದರಿಯನ್ನು ನೋಡಿಯೇ ನಮ್ಮ ದೇಶದಲ್ಲಿ 1904ರ ಸಹಕಾರ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅವರು ಕ್ರೈಸ್ತರಲ್ಲ, ಆದರೆ ಆ ಬೀಜ ನಮ್ಮ ನೆಲದಲ್ಲಿ ಚೆನ್ನಾಗಿ ಮೊಳೆಯಿತು. ಅಲ್ಲಿ ಹೊಣೆ ಹೊತ್ತವರೇ ಸಂಘದ ಒಡೆಯರೂ ಆಗಿದ್ದರು, ಯಾರಿಗೆ ಎಷ್ಟು, ಯಾವುದಕ್ಕೆ ಎಂದು ಅವರೇ ತೀರ್ಮಾನಿಸುತ್ತಿದ್ದರು. ನಿಮ್ಮ ಗುಂಪಿನಲ್ಲಿ ಹೊಣೆ ಮಾತ್ರ ನಿಮ್ಮದು, ತೀರ್ಮಾನ ಬೇರೆಯವರದು. ಅಲ್ಲೇ ಅನ್ಯಾಯ ನುಸುಳುವುದು.

ನಿವೃತ್ತ ಸೆಕ್ರೆಟರಿ, ತುಮಕೂರು

ಸಿಸ್ಟರ್, ಒಂದು ಸೇರಿಸುತ್ತೇನೆ. ಕಿರು ಸಾಲದ ವಸೂಲಿಯಲ್ಲಿ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರ ಆರಂಭದಲ್ಲಿ ಸುಗ್ರೀವಾಜ್ಞೆ ತಂದಿತು. ಮನೆ ಬಾಗಿಲಿಗೆ ಬಂದು ಬೆದರಿಸಿದರೆ, ಅವಮಾನ ಮಾಡಿದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಗುಂಪಿನವರೆಲ್ಲ ಸೇರಿ ಹೋಗಿ, ಒಬ್ಬರೇ ಹೋಗಬೇಡಿ.

ಕೋಲಾರದ ಯುವಕ

ಸಿಸ್ಟರ್, ಗಲಾತ್ಯ 6ರಲ್ಲಿ ಎರಡನೇ ವಚನ ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿರಿ ಎನ್ನುತ್ತದೆ, ಐದನೇ ವಚನ ಪ್ರತಿಯೊಬ್ಬನು ತನ್ನ ಹೊರೆಯನ್ನು ಹೊರಬೇಕು ಎನ್ನುತ್ತದೆ. ನಾನು ಇದುವರೆಗೆ ಮೊದಲನೆಯದನ್ನು ಮಾತ್ರ ಪ್ರಸಂಗಿಸುತ್ತಿದ್ದೆ. ನಿಮ್ಮ ಗುಂಪಿನಲ್ಲಿ ವಾರಕ್ಕೆ ಹತ್ತೋ ಇಪ್ಪತ್ತೋ ಬೇರೆಯಾಗಿ ಎತ್ತಿಟ್ಟು, ಕಾಯಿಲೆ ಬಂದವಳ ಕಂತಿಗೆಂದೇ ಇಟ್ಟುಕೊಳ್ಳಲು ಆಗುತ್ತದೆಯೇ? ನಮ್ಮ ಸಭೆಯ ಯುವಜನರ ಕೂಟದಲ್ಲಿ ನಾನು ಇದನ್ನು ಎತ್ತುತ್ತೇನೆ. ಸಭೆಯ ಕಾಣಿಕೆಯಿಂದ ಇಂಥದ್ದಕ್ಕೆ ಒಂದು ಪಾಲು ತೆಗೆದಿಡಬೇಕು.

ಚಾಮರಾಜನಗರ ಸಿಸ್ಟರ್

ಹತ್ತು ರೂಪಾಯಿ ಎತ್ತಿಡಬಹುದು ತಮ್ಮಾ. ಕೂಟದಲ್ಲಿ ಕೇಳಿ ನೋಡುತ್ತೇನೆ. ನೆಹೆಮೀಯ 5 ಈ ಗುರುವಾರ ಓದುತ್ತೇವೆ.

ಹೆಸರು ಬೇಡ

ನಾನು ಆಗಲೇ ಸಹಿ ಹಾಕಿಬಿಟ್ಟಿದ್ದೇನೆ, ಸ್ನೇಹಿತನ ಅಂಗಡಿ ಸಾಲಕ್ಕೆ. ಸಾಲ ಬಿಡುಗಡೆಯೂ ಆಗಿದೆ. ಅವನು ಈಗ ಫೋನ್ ಎತ್ತುತ್ತಿಲ್ಲ. ನನ್ನಂಥವರಿಗೆ ವಚನ ಏನು ಹೇಳುತ್ತದೆ?

ಗದಗ ಮೇಷ್ಟ್ರು

ಜ್ಞಾನೋಕ್ತಿ 6:1-5 ಬರೆದದ್ದೇ ಆಗಲೇ ಸಿಕ್ಕಿಕೊಂಡವರಿಗೆ. ಹೋಗು, ತಗ್ಗಿಸಿಕೊ, ಬೇಡಿಕೊ, ಕಣ್ಣಿಗೆ ನಿದ್ದೆ ಕೊಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ಬಿಡಿಸಿಕೊ ಎನ್ನುತ್ತದೆ. ಓಡಿಹೋಗು ಎನ್ನುವುದಿಲ್ಲ. ಕೀರ್ತನೆ 15:4, ನಷ್ಟವಾದರೂ ಆಡಿದ ಮಾತು ತಪ್ಪದವನನ್ನು ಹೊಗಳುತ್ತದೆ. ಎರಡನ್ನೂ ಹಿಡಿದುಕೊಳ್ಳಿ. ಫೋನ್ ಮಾಡಿದ್ದು ಸಾಕು, ಅವರ ಮನೆಗೇ ಹೋಗಿ, ಸಭೆಯ ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ಜಗಳಕ್ಕಲ್ಲ. ಅವರು ನಾಚಿಕೆಯಿಂದ ಬಚ್ಚಿಟ್ಟುಕೊಂಡಿರಬಹುದು.

ನಿವೃತ್ತ ಸೆಕ್ರೆಟರಿ, ತುಮಕೂರು

ಮೊದಲು ಸಾಲ ಕೊಟ್ಟ ಕಡೆಗೆ ಹೋಗಿ ಬಾಕಿ ಎಷ್ಟು, ಎಷ್ಟು ಕಂತು ತಪ್ಪಿದೆ ಎಂದು ಲಿಖಿತದಲ್ಲಿ ಕೇಳಿ. ಬಿಡುಗಡೆಯಾದ ಸಾಲಕ್ಕೆ ಜಾಮೀನು ವಾಪಸು ಪಡೆಯಲಾಗುವುದಿಲ್ಲ. ಆದರೆ ಅದು ಓವರ್‌ಡ್ರಾಫ್ಟ್‌ನಂತೆ ಮುಂದುವರಿಯುವ ಸಾಲವಾಗಿದ್ದರೆ, ಇನ್ನು ಮುಂದೆ ತೆಗೆಯುವ ಹಣಕ್ಕೆ ನಾನು ಹೊಣೆಯಲ್ಲ ಎಂದು 130ನೇ ಕಲಂ ಪ್ರಕಾರ ನೋಟಿಸ್ ಕೊಡಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಾಯಿಸಿದ್ದಾರೆಯೇ ಅದನ್ನೂ ನೋಡಿ, 133ನೇ ಕಲಂ ನಿಮ್ಮ ನೆರವಿಗೆ ಬರಬಹುದು. ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ. ತಡ ಮಾಡಿದಷ್ಟೂ ಬಡ್ಡಿ ಬೆಳೆಯುತ್ತದೆ, ನಾಳೆ ಬೆಳಿಗ್ಗೆಯೇ ಹೋಗಿ.